ಉದ್ಯೋಗ ಕಡಿತದ ಸೂಚನೆ ಸಿಕ್ಕಾಗ ಪರಿಹಾರದ ಹಕ್ಕನ್ನು ಉಳಿಸಿಕೊಳ್ಳುವ ಬಗೆ

ಕಂಪನಿ ನಷ್ಟದಲ್ಲಿದೆ ಎಂಬುದು ಖಚಿತವಾದ ಕೂಡಲೇ ನೇಮಕಾತಿ ಪತ್ರ, ವೇತನ ಚೀಟಿ ಮತ್ತು ಪಿಎಫ್ ವಿವರಗಳ ಪ್ರತಿಗಳನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ಎಷ್ಟೇ ಒತ್ತಡ ಬಂದರೂ ಅವಸರದಲ್ಲಿ ರಾಜೀನಾಮೆ ಬರೆದುಕೊಡಬೇಡಿ. ಭಾರತದ ಕಾನೂನಿನಲ್ಲಿ ಕಾರ್ಮಿಕರೆಂದು ಪರಿಗಣಿತರಾದ, ಕನಿಷ್ಠ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದವರನ್ನು ಹೆಚ್ಚುವರಿ ಸಿಬ್ಬಂದಿಯೆಂದು ತೆಗೆಯುವಾಗ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನವನ್ನೂ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನೂ ಕೊಡಲೇಬೇಕು. ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟವರಿಗೆ ಈ ಪರಿಹಾರವಿಲ್ಲ. ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗೆ ಮುಖ್ಯವಾಗಿ ಉದ್ಯೋಗದ ಕರಾರೇ ಆಧಾರ.

ಸಾಮಾನ್ಯವಾಗಿ ಐದು ವರ್ಷ ಪೂರೈಸಿದವರಿಗೆ ಸಲ್ಲುವ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಪ್ರತ್ಯೇಕವಾದ ಹಕ್ಕು. ಅದನ್ನೇ ಪರಿಹಾರದ ಮೊತ್ತದೊಳಗೆ ಸೇರಿಸಿ ತೋರಿಸುವುದು ಅನ್ಯಾಯ; ಆದ್ದರಿಂದ ಲೆಕ್ಕವನ್ನು ಬಿಡಿಬಿಡಿಯಾಗಿ, ಲಿಖಿತವಾಗಿ ಕೇಳಿ, ವಕೀಲರಿಗೆ ತೋರಿಸಿದ ನಂತರವೇ ಅಂತಿಮ ಇತ್ಯರ್ಥ ಪತ್ರಕ್ಕೆ ಸಹಿ ಹಾಕಿ.