ಮೂತ್ರಪಿಂಡದ ಸೋಂಕು: ನಿಮಗಿರುವ ಅಪಾಯವನ್ನು ಅಳೆದುಕೊಳ್ಳುವುದು ಹೇಗೆ?

ಮೂತ್ರಪಿಂಡದ ಸೋಂಕು ಬಹುತೇಕ ಕೆಳಗಿನಿಂದ ಮೇಲಕ್ಕೆ ಏರುವ ಕಾಯಿಲೆ. ಕರುಳಿನಲ್ಲಿ ಸಹಜವಾಗಿಯೇ ಇರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಮೂತ್ರದ್ವಾರದಿಂದ ಒಳಸೇರಿ, ಮೂತ್ರಕೋಶದಲ್ಲಿ ನೆಲೆಯೂರಿ, ಅಲ್ಲಿಂದ ಮೂತ್ರಪಿಂಡವನ್ನು ತಲುಪುತ್ತದೆ. ರಕ್ತದ ಮೂಲಕ ಸೋಂಕು ಹರಡುವುದು ಅಪರೂಪ. ಹೀಗಾಗಿ ನಿಮ್ಮ ಅಪಾಯವನ್ನು ತಿಳಿಯಲು ಎರಡು ಪ್ರಶ್ನೆಗಳು ಸಾಕು: ಬ್ಯಾಕ್ಟೀರಿಯಾ ಒಳಬರಲು ದಾರಿ ಸುಲಭವಾಗಿದೆಯೇ? ಒಳಬಂದದ್ದು ಮೂತ್ರದೊಡನೆ ಹೊರಹೋಗಲು ಅಡ್ಡಿಯಿದೆಯೇ?

ಹೆಂಗಸರ ಮೂತ್ರದ್ವಾರದ ನಾಳ ಸುಮಾರು 4 ಸೆಂಟಿಮೀಟರ್, ಗಂಡಸರದು ಸುಮಾರು 20. ಹೆಂಗಸರಲ್ಲಿ ಈ ಸೋಂಕು ಹೆಚ್ಚಾಗಿರುವುದಕ್ಕೆ ಇದು ಮುಖ್ಯ ಕಾರಣವೇ ಹೊರತು ಅಶುಚಿತ್ವವಲ್ಲ. ಮೂತ್ರ ಹೊರಹರಿಯಲು ಕೊಳವೆ (ಕ್ಯಾತಿಟರ್) ಹಾಕಿಸಿಕೊಂಡವರಲ್ಲೂ ಒಳದಾರಿ ತೆರೆದಂತಾಗುತ್ತದೆ. ಮೂತ್ರದ ಹರಿವಿಗೆ ಅಡ್ಡಿಯಾಗುವುದು ಕಲ್ಲು, ವಯಸ್ಸಾದ ಗಂಡಸರಲ್ಲಿ ಊದಿಕೊಂಡ ಪ್ರಾಸ್ಟೇಟ್ ಗ್ರಂಥಿ, ಕೆಲವು ಮಕ್ಕಳಲ್ಲಿ ಮೂತ್ರಕೋಶದಿಂದ ಮೂತ್ರ ಮೇಲಕ್ಕೇ ಮರಳುವ ಹುಟ್ಟುದೋಷ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ರೋಗನಿರೋಧಕ ಶಕ್ತಿ ಕುಗ್ಗುವುದಲ್ಲದೆ, ನರಗಳು ದುರ್ಬಲವಾಗಿ ಮೂತ್ರಕೋಶ ಪೂರ್ತಿ ಬರಿದಾಗದೆಯೂ ಇರಬಹುದು.

ಗರ್ಭಿಣಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳಗಳು ಹಾರ್ಮೋನುಗಳಿಂದ ಸಡಿಲವಾಗುತ್ತವೆ, ಬೆಳೆಯುವ ಗರ್ಭಕೋಶ ಅವುಗಳನ್ನು ಒತ್ತುತ್ತದೆ, ಮೂತ್ರ ಅಲ್ಲೇ ನಿಲ್ಲುತ್ತದೆ. ಉರಿಯಾಗಲಿ ನೋವಾಗಲಿ ಇಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದು, ಚಿಕಿತ್ಸೆಯಿಲ್ಲದೆ ಬಿಟ್ಟರೆ ಮೂತ್ರಪಿಂಡಕ್ಕೆ ಏರಬಹುದು. ಆದ್ದರಿಂದ ಮೊದಲ ತಿಂಗಳುಗಳಲ್ಲಿ ವೈದ್ಯರು ಬರೆದುಕೊಡುವ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ) ಪರೀಕ್ಷೆಯನ್ನು, ಆರೋಗ್ಯ ಚೆನ್ನಾಗಿಯೇ ಇದೆಯಲ್ಲ ಎಂದು ಕೈಬಿಡಬೇಡಿ.

ಮೂತ್ರ ತಡೆದುಕೊಳ್ಳುವ ಅಭ್ಯಾಸವೂ ಒಳ್ಳೆಯದಲ್ಲ. ಬಸ್ ಪ್ರಯಾಣದಲ್ಲಿ ಶೌಚಾಲಯ ಸಿಗದೆಂದು ನೀರನ್ನೇ ಕುಡಿಯದ ಹೆಂಗಸರನ್ನು ದೂರುವುದಕ್ಕಿಂತ ಶೌಚಾಲಯಗಳನ್ನು ದೂರುವುದು ನ್ಯಾಯ.

ಉರಿಮೂತ್ರ ಬಂದಾಗ ಉಷ್ಣವಾಗಿದೆ ಎಂದು ಎಳನೀರನ್ನೋ ಬಾರ್ಲಿ ನೀರನ್ನೋ ಕುಡಿಯುವುದು ವಾಡಿಕೆ. ದ್ರವ ಸೇವನೆ ಬಹುತೇಕರಿಗೆ ಒಳ್ಳೆಯದೇ, ಆದರೆ ಮೂತ್ರಪಿಂಡಕ್ಕೆ ತಲುಪಿದ ಸೋಂಕು ಅದರಿಂದ ವಾಸಿಯಾಗದು. ಚಳಿಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಪಕ್ಕದಲ್ಲಿ ನೋವು, ವಾಂತಿ ಕಾಣಿಸಿಕೊಂಡರೆ ಅಂದೇ ವೈದ್ಯರನ್ನು ಕಾಣಿರಿ. ಹಿಂದೆ ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ನುಂಗಿ ಹೋದರೆ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಗದೆ ಹೋಗಬಹುದು; ಸಾಧ್ಯವಾದಷ್ಟು ಔಷಧಕ್ಕೆ ಮೊದಲೇ, ಮೊದಲ ಹನಿಗಳನ್ನು ಬಿಟ್ಟು ನಡುವಿನ ಮೂತ್ರವನ್ನು ಸ್ವಚ್ಛ ಡಬ್ಬಿಯಲ್ಲಿ ಕೊಡಿ. ವಯೋವೃದ್ಧರಲ್ಲಿ ಇವ್ಯಾವುವೂ ಇಲ್ಲದೆ ಬರೀ ಗೊಂದಲ, ಮಂಕು ಕಾಣಿಸಬಹುದು. ಪುಟ್ಟ ಮಕ್ಕಳಲ್ಲಿ ಜ್ವರವೊಂದೇ ಇರಬಹುದು.