ಎಂಟನೇ ತಾರೀಖಿನ ಐವತ್ತು ರೂಪಾಯಿ

ನಮ್ಮ ಯಜಮಾನರು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದರು. ಏಳನೇ ತಾರೀಖು ಸಂಬಳ ಕಂದು ಬಣ್ಣದ ಕವರಿನಲ್ಲಿ ಮನೆಗೆ ಬರುತ್ತಿತ್ತು. ಮರುದಿನ ಬೆಳಗ್ಗೆ ಅಂಚೆ ಕಚೇರಿಯ ಆರ್‌.ಡಿ. ಎಂಬ, ತಿಂಗಳು ತಿಂಗಳು ಕಂತಿನಲ್ಲಿ ಕಟ್ಟುವ ಠೇವಣಿಯನ್ನು ಕಟ್ಟಿಸಿಕೊಳ್ಳುವ ಏಜೆಂಟ್ ಹೆಂಗಸು ರಾಜಾಜಿನಗರದ ನಮ್ಮ ಬೀದಿಗೆ ಬರುತ್ತಿದ್ದರು. ಅವರು ಹೊಸಿಲ ಬಳಿ ನಿಂತರೆಂದರೆ ಐವತ್ತು ರೂಪಾಯಿ ಕೊಟ್ಟು ಕಾರ್ಡಿಗೆ ಸಹಿ ಹಾಕಿಸಿಕೊಳ್ಳಬೇಕು. ಅಕ್ಕಪಕ್ಕದವರೆಲ್ಲ ಕೊಡುವಾಗ ನಾನೊಬ್ಬಳು ಇಲ್ಲ ಎನ್ನುವುದು ಹೇಗೆ? 1984ರಲ್ಲಿ ಶುರು ಮಾಡಿದ ಆ ಕಂತನ್ನು ಐದು ವರ್ಷ ಒಂದು ತಿಂಗಳೂ ತಪ್ಪಿಸಲಿಲ್ಲ. ಬಂದ ಹಣದಲ್ಲಿ ಹೊಲಿಗೆ ಯಂತ್ರ ಕೊಂಡೆ. ಆ ಯಂತ್ರ ನನ್ನ ಇಬ್ಬರು ಮಕ್ಕಳ ಶಾಲೆಯ ಖರ್ಚನ್ನು ಎಷ್ಟೋ ವರ್ಷ ಹೊತ್ತಿತು.

ಕಳೆದ ತಿಂಗಳು ನಮ್ಮ ಅಣ್ಣನ ಮೊಮ್ಮಗಳು ಮನೆಗೆ ಬಂದಿದ್ದಳು. ಮಾರತಹಳ್ಳಿಯಲ್ಲಿ ಪಿ.ಜಿ., ವೈಟ್‌ಫೀಲ್ಡ್‌ನಲ್ಲಿ ಕೆಲಸ, ಕೈಗೆ ಬರುವುದು ಮೂವತ್ತೆರಡು ಸಾವಿರ. "ಅಜ್ಜಿ, ತಿಂಗಳ ಕೊನೆಯಲ್ಲಿ ಉಳಿದದ್ದನ್ನು ತೆಗೆದಿಡೋಣ ಎಂದುಕೊಳ್ಳುತ್ತೇನೆ, ಇಪ್ಪತ್ತನೇ ತಾರೀಖಿಗೇ ಏನೂ ಇರುವುದಿಲ್ಲ" ಎಂದಳು. ಇರುವುದಿಲ್ಲ, ಇರುವುದೂ ಸಾಧ್ಯವಿಲ್ಲ. ಕೈಯಲ್ಲಿರುವ ದುಡ್ಡಿಗೆ ಈ ಊರಿನಲ್ಲಿ ಹೆಜ್ಜೆಗೊಂದು ದಾರಿ ಇದೆ. ಆ ಏಜೆಂಟ್ ಹೆಂಗಸಿನ ಕೆಲಸವನ್ನು ಈಗ ಬ್ಯಾಂಕೇ ಮಾಡುತ್ತದೆ. ಸಂಬಳ ಒಂದನೇ ತಾರೀಖು ಬರುವುದಾದರೆ ಎರಡನೇ ತಾರೀಖಿಗೆ ಇಂತಿಷ್ಟು ಹಣ ಆರ್‌.ಡಿ.ಗೆ ತಾನಾಗಿ ಹೋಗಲಿ ಎಂದು ಒಮ್ಮೆ ಬರೆದುಕೊಟ್ಟರೆ ಸಾಕು. ಅವಳಿಗೆ ಮೂರು ಸಾವಿರದಿಂದ ಶುರು ಮಾಡು ಎಂದೆ. ಹತ್ತು ಸಾವಿರ ಎಂದು ಹುಮ್ಮಸ್ಸಿನಲ್ಲಿ ಶುರು ಮಾಡಿ ಮೂರನೇ ತಿಂಗಳಿಗೆ ಮುರಿದವರನ್ನು ನಾನು ಬಹಳ ನೋಡಿದ್ದೇನೆ. ಮುರಿದ ಮೇಲೆ ಮತ್ತೆ ಶುರು ಮಾಡಲು ಅವರಿಗೆ ಮನಸ್ಸೇ ಬರುವುದಿಲ್ಲ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಆರ್‌.ಡಿ. ತೆರೆಯಬಹುದು, ಐದು ವರ್ಷದ್ದು. ಮೊತ್ತ ಸಣ್ಣದೆಂದು ಯಾರೂ ಸಂಕೋಚ ಪಡಬೇಕಾಗಿಲ್ಲ.

ದೀರ್ಘ ಕಾಲಕ್ಕೆ ಪಿ.ಪಿ.ಎಫ್. ಎಂಬ ಸರ್ಕಾರದ ಉಳಿತಾಯ ಖಾತೆ ಒಳ್ಳೆಯದು. ಹದಿನೈದು ವರ್ಷದ್ದು, ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ಇಲ್ಲಿ ಒಂದು ಸೂಕ್ಷ್ಮವಿದೆ, ಅನೇಕರಿಗೆ ತಿಳಿದಿರುವುದಿಲ್ಲ. ಪ್ರತಿ ತಿಂಗಳು ಐದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ ಲೆಕ್ಕ. ಆರನೇ ತಾರೀಖು ಕಟ್ಟಿದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ಆದ್ದರಿಂದ ಐದರೊಳಗೆ ಕಟ್ಟಿ.

ಇಷ್ಟನ್ನು ಮಾಡಿದವರೂ ಸೋಲುವುದು ಎಲ್ಲಿ ಎಂದು ಹೇಳುತ್ತೇನೆ, ಗಮನವಿಟ್ಟು ಕೇಳಿ. ತಿಂಗಳ ಖರ್ಚನ್ನು ಎಲ್ಲರೂ ಹೇಗೋ ತೂಗಿಸುತ್ತಾರೆ. ವರ್ಷಕ್ಕೊಮ್ಮೆ ಬರುವ ಖರ್ಚು ಬಂದು ಕೂಡಿಟ್ಟದ್ದನ್ನೆಲ್ಲ ನುಂಗುತ್ತದೆ. ಮೇ ಜೂನ್‌ನಲ್ಲಿ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ. ಆಮೇಲೆ ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ ಸಾಲಾಗಿ ಬರುತ್ತವೆ. ಹಬ್ಬಕ್ಕೆ ಊರಿಗೆ ಹೋಗುವ ಖಾಸಗಿ ಬಸ್ಸಿನ ದರ ನಿಮಗೇ ಗೊತ್ತು. ಗಾಡಿಯ ವಿಮೆ, ಜೀವ ವಿಮೆಯ ಕಂತು, ನೆಂಟರ ಮದುವೆಯ ಮುಯ್ಯಿ. ಇವು ಯಾವುದೂ ಹೇಳದೆ ಬರುವವಲ್ಲ, ಆದರೂ ಪ್ರತಿ ವರ್ಷ ಆಕಾಶದಿಂದ ಬಿದ್ದಂತೆ ಗಾಬರಿಯಾಗುತ್ತೇವೆ. ಒಂದು ಭಾನುವಾರ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಕುಳಿತುಕೊಳ್ಳಿ. ಹೋದ ವರ್ಷ ಯಾವ ತಿಂಗಳು ಏನು ಕೊಟ್ಟಿರಿ ಎಂದು ಪುಟ ತಿರುವುತ್ತಾ ಬರೆಯಿರಿ. ಕೂಡಿ ಹನ್ನೆರಡರಿಂದ ಭಾಗಿಸಿ. ನಲವತ್ತೆಂಟು ಸಾವಿರ ಬಂತೆಂದರೆ ತಿಂಗಳಿಗೆ ನಾಲ್ಕು ಸಾವಿರವಾಯಿತು. ಅದನ್ನು ಬೇರೆಯೇ ಒಂದು ಖಾತೆಯಲ್ಲಿ ಇಡಿ. ನಮ್ಮ ಕಾಲದಲ್ಲಿ ಇದಕ್ಕೆ ನನ್ನ ಬಳಿ ಸಾಸಿವೆ ಡಬ್ಬಿ ಇತ್ತು, ಆರ್‌.ಡಿ.ಗೆ ಕೊಟ್ಟ ಮೇಲೆ ಆ ಡಬ್ಬಿಗೆ ಹಾಕದೆ ದಿನಸಿ ಅಂಗಡಿಗೆ ಹೋಗುತ್ತಿರಲಿಲ್ಲ. ಉಳಿತಾಯದ ಹಣ ಮತ್ತು ಹಬ್ಬದ ಹಣ ಒಂದೇ ಕಡೆ ಇದ್ದರೆ ಉಳಿತಾಯವೇ ಹಬ್ಬಕ್ಕೆ ಹೋಗುತ್ತದೆ.

ಆ ಖಾತೆಯನ್ನು ಮೊಬೈಲಿನ ಯು.ಪಿ.ಐ.ಗೆ ಜೋಡಿಸಬೇಡಿ. ಹಣ ಬೇಕೆಂದರೆ ಬ್ಯಾಂಕಿಗೆ ನಡೆದು ಹೋಗಿ ಹಣ ತೆಗೆಯುವ ಕಾಗದ ತುಂಬುವಷ್ಟು ಕಷ್ಟ ಇರಲಿ. ಅಷ್ಟು ದೂರ ನಡೆಯುವಾಗ ಅರ್ಧ ಖರ್ಚು ಬೇಡವೆನಿಸುತ್ತದೆ.

ಬಾಡಿಗೆ ಮನೆಯವರಿಗೆ ಇನ್ನೊಂದು ಮಾತು. ನಮ್ಮೂರಿನ ಹಳೆಯ ಪದ್ಧತಿಯಲ್ಲಿ ಹತ್ತು ತಿಂಗಳ ಬಾಡಿಗೆ ಮುಂಗಡ. ಈಗ ಕೆಲವರು ಕಡಿಮೆ ಕೇಳುತ್ತಾರೆ, ಆದರೂ ದೊಡ್ಡ ಮೊತ್ತವೇ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳದ್ದು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಆ ಹಣ ಕೈಗೆ ಬಂದ ದಿನ ಎಲ್ಲಿಂದಲೋ ಬಂದ ಲಾಭದಂತೆ ಕಾಣುತ್ತದೆ. ಹೊಸ ಟಿ.ವಿ., ಹೊಸ ಸೋಫಾ ಎಂದು ಹೊರಡುತ್ತಾರೆ. ಅದು ವರ್ಷಗಳ ಹಿಂದೆ ನೀವೇ ಹೊಟ್ಟೆ ಕಟ್ಟಿ ಕೂಡಿಸಿದ ಹಣ. ಮುಂದಿನ ಮನೆಯ ಮುಂಗಡಕ್ಕೆ ಬೇಕಾದಷ್ಟನ್ನು ಬಿಟ್ಟು, ಮಿಕ್ಕಿದ್ದನ್ನು ಆ ವಾರದಲ್ಲೇ ಠೇವಣಿ ಮಾಡಿ.

ಚೀಟಿಯ ವಿಷಯದಲ್ಲಿ ನಾನು ಕಠಿಣವಾಗಿಯೇ ಮಾತನಾಡುತ್ತೇನೆ. ಕಷ್ಟಕ್ಕೆ ಒದಗುತ್ತದೆ, ನಿಜ. ಆದರೆ 1991ರಲ್ಲಿ ಪರಿಚಯದವರೊಬ್ಬರು ನಡೆಸುತ್ತಿದ್ದ ಚೀಟಿಯಲ್ಲಿ ಎಂಟು ಸಾವಿರ ಕಳೆದುಕೊಂಡೆ. ಒಂದು ಬೆಳಗ್ಗೆ ಅವರ ಮನೆಗೆ ಬೀಗ. ಹಿಡಿದು ಕೇಳಲು ನಮ್ಮ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಕಟ್ಟಲೇಬೇಕೆಂದರೆ 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿಯಾದ ಕಡೆ ಕಟ್ಟಿ, ರಾಜ್ಯ ಸರ್ಕಾರದ ಎಂ.ಎಸ್‌.ಐ.ಎಲ್. ಕೂಡ ಚೀಟಿ ನಡೆಸುತ್ತದೆ. ಬಾಯಿಮಾತಿನ ಚೀಟಿ ಬೇಡ, ಒಡಹುಟ್ಟಿದವರು ನಡೆಸಿದರೂ ಬೇಡ.

ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಕನಿಷ್ಠ ಪಾವತಿ ಎಂದು ಒಂದು ಸಣ್ಣ ಅಂಕಿ ಇರುತ್ತದೆ. ಅದನ್ನು ಕಟ್ಟಿ ಸುಮ್ಮನಾಗಬೇಡಿ. ಉಳಿದದ್ದರ ಮೇಲೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ, ಮೂರೂವರೆ ರೂಪಾಯಿ ಬಡ್ಡಿ ಬೀಳುವುದು ಸಾಮಾನ್ಯ. ಮೂರು ಎಂದೇ ಹಿಡಿದರೂ ವರ್ಷಕ್ಕೆ ಮೂವತ್ತಾರು. ಅಷ್ಟು ಬಡ್ಡಿ ಕೊಡುವ ಠೇವಣಿ ಎಲ್ಲಿಯೂ ಇಲ್ಲ, ಹಾಗಾಗಿ ಆ ಬಾಕಿ ಇರುವವರೆಗೆ ಮೊದಲು ಅದನ್ನೇ ತೀರಿಸಿ.

ಭಾನುವಾರ ಗಾಂಧಿ ಬಜಾರಿಗೆ ಹೋಗಿ ದೋಸೆ ತಿಂದು ಕಾಫಿ ಕುಡಿಯುವುದನ್ನು ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ. ಬಾಯಿ ಕಟ್ಟಿದ ಉಳಿತಾಯ ಬಹಳ ದಿನ ನಡೆಯುವುದಿಲ್ಲ. ಸಂಬಳ ಏರಿದ ತಿಂಗಳು ಮಾತ್ರ ಎಚ್ಚರವಾಗಿರಿ. ಏರಿದ್ದರಲ್ಲಿ ಅರ್ಧವನ್ನು ಆ ತಿಂಗಳೇ ಕಂತಿಗೆ ಸೇರಿಸಿ. ಹೊಸ ಸಂಬಳಕ್ಕೆ ಮನೆ ಒಗ್ಗಿಕೊಂಡ ಮೇಲೆ ಕಡಿಮೆ ಮಾಡುವುದು ಕಷ್ಟ.

ಖಾತೆ ತೆರೆದ ದಿನವೇ ನಾಮಿನಿಯ ಹೆಸರು ಬರೆಸಿ. ನಮ್ಮ ಮಾವನವರು ಬರೆಸಿರಲಿಲ್ಲ. ಅವರು ಹೋದ ಮೇಲೆ ಅತ್ತೆ ಆ ಹಣಕ್ಕಾಗಿ ಎರಡು ವರ್ಷ ಕಾಗದ ಹಿಡಿದು ಅಲೆದರು. ನಾನು ನನ್ನ ಪಾಸ್‌ಬುಕ್‌ಗಳನ್ನೆಲ್ಲ ಬೀರುವಿನ ಎರಡನೇ ಅರೆಯಲ್ಲಿ, ರೇಷ್ಮೆ ಸೀರೆಯ ಕೆಳಗೆ ಇಟ್ಟಿದ್ದೇನೆ. ಸೊಸೆಗೆ ತೋರಿಸಿದ್ದೇನೆ.