ಏಳರ ಲೂಪ್, ಎಂಟರ ಲೂಪ್

ಒಂದು ಲೂಪ್ (ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕು) ಏಳು ಮಾತ್ರೆಯದು, ಇನ್ನೊಂದು ಎಂಟರದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಎರಡನೇ ಸುತ್ತಿಗೇ ಏಳರದ್ದು ಒಂದು ಮಾತ್ರೆ ಮೊದಲೇ ಶುರುವಾಗುತ್ತದೆ. ಹೀಗೇ ಜರುಗುತ್ತಾ ಹೋಗಿ, 56 ಮಾತ್ರೆ ಆದಮೇಲೆ ಎರಡೂ ಮತ್ತೆ ಕೂಡುತ್ತವೆ. ಎಂಟನೇ ನೋಟನ್ನು, ಅಂದರೆ ಅರ್ಧ ಬೀಟನ್ನು, ಮಾತ್ರೆ ಅಂತ ಹಿಡಿದರೆ, 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಆ 56 ಮಾತ್ರೆ 14 ಸೆಕೆಂಡ್. ಬರೆದದ್ದು ಎರಡೇ ಚಿಕ್ಕ ತುಣುಕು, ಆದರೆ ಅಷ್ಟೂ ಹೊತ್ತು ಅವುಗಳ ಜೋಡಣೆ ಬದಲಾಗುತ್ತಲೇ ಇರುತ್ತದೆ. ನನಗೆ ಲೂಪ್ ಸಂಗೀತ ಹಿಡಿಸಿದ್ದೇ ಇದಕ್ಕೆ.

ನಾನು ಕೆಲಸ ಶುರು ಮಾಡುವುದು ಬಾಯಲ್ಲಿ. ತಕಿಟ ತಕಧಿಮಿ ಅಂತ ಏಳನ್ನು ಹೇಳುತ್ತಾ ಕಾಲಲ್ಲಿ ನಾಲ್ಕರ ಬೀಟ್ ಹಾಕುತ್ತೇನೆ. ಬಾಯಿಗೆ ಕೂರದ ಲಯವನ್ನು ಕಂಪ್ಯೂಟರ್‌ಗೆ ಹಾಕುವುದಿಲ್ಲ. ಸುಮ್ನೆ ಪರದೆಯ ಗ್ರಿಡ್ (ಚೌಕಳಿ) ಮೇಲೆ ನೋಟ್ ಇಟ್ಟರೆ ಲೆಕ್ಕ ಸರಿಯಿರುತ್ತದೆ, ಒತ್ತು ಎಲ್ಲಿ ಬೀಳಬೇಕು ಅನ್ನುವುದು ತಿಳಿಯುವುದಿಲ್ಲ. 3+4 ಕೂಡ ಏಳೇ, 2+2+3 ಕೂಡ ಏಳೇ. ನಡಿಗೆ ಮಾತ್ರ ಪೂರ್ತಿ ಬೇರೆ ಅಲ್ವಾ?

ಏಬಲ್‌ಟನ್ ಲೈವ್ ಅನ್ನುವ ಸಂಗೀತದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಕ್ಲಿಪ್‌ಗೂ (ತುಣುಕಿಗೂ) ಅದರದ್ದೇ ಉದ್ದ ಕೊಡಬಹುದು. ಹಾಗಾಗಿ ಪ್ರಾಜೆಕ್ಟನ್ನು 4/4ರಲ್ಲೇ (ಒಂದು ಬಾರ್, ಅಂದರೆ ಒಂದು ಸುತ್ತಿಗೆ, ನಾಲ್ಕು ಬೀಟ್, ಎಂಟು ಮಾತ್ರೆ) ಬಿಟ್ಟು, ಗಂಟೆ ದನಿಯ ಬೆಲ್ ಕ್ಲಿಪ್ಪನ್ನು ಮಾತ್ರ ಏಳು ಮಾತ್ರೆಗೆ ಮೊಟಕು ಮಾಡುತ್ತೇನೆ. ಇದು ಪಾಲಿಮೀಟರ್: ಮಾತ್ರೆ ಒಂದೇ, ಸುತ್ತಿನ ಉದ್ದ ಬೇರೆ. ಪಾಲಿರಿದಮ್‌ನಲ್ಲಿ ಸುತ್ತು ಒಂದೇ, ಅದನ್ನು ಭಾಗ ಮಾಡುವ ರೀತಿ ಬೇರೆ. ಒಂದು ಬಾರ್‌ಗೆ ಐದು ಸಮ ಪೆಟ್ಟು ಬೇಕಾದರೆ, ಐದು ಹದಿನಾರನೇ ನೋಟ್ (ಕಾಲು ಬೀಟಿನವು) ಬರೆದು, ಅಷ್ಟನ್ನೂ ಹಿಡಿದು ಬಾರ್ ತುಂಬುವ ಹಾಗೆ ಎಳೆಯುತ್ತೇನೆ.

ಐದು ಮಾತ್ರೆಯ ಮೂರನೇ ಲೂಪ್ ಸೇರಿಸಿದರೆ ಮೂರೂ ಕೂಡುವುದು 280 ಮಾತ್ರೆಗೆ, ಅಂದರೆ 70 ಸೆಕೆಂಡಿಗೆ. ಅಷ್ಟು ಹೊತ್ತು ಕಿವಿ ಕಾಯುವುದಿಲ್ಲ. ಅದಕ್ಕೇ ಏಳು ಮತ್ತು ಎಂಟು ಕೂಡುವ ಜಾಗದಲ್ಲೇ ಬೇಸ್ ಸ್ವರ ಬದಲಿಸುತ್ತೇನೆ. ಕಂಪ್ಯೂಟರ್‌ನಲ್ಲಿ ಎಲ್ಲಕ್ಕಿಂತ ಮೊದಲು ನಾನು ಗುರುತು ಹಾಕಿಕೊಳ್ಳುವುದೂ ಆ ಜಾಗವನ್ನೇ. ಉಳಿದದ್ದನ್ನು ಅಲ್ಲಿಂದ ಹಿಂದಕ್ಕೆ ಬರೆಯುತ್ತೇನೆ. ಕೇಳುವವರಿಗೆ ಲೆಕ್ಕ ಗೊತ್ತಿರಬೇಕಿಲ್ಲ, ಬಂದು ಸೇರಿದೆವು ಅನ್ನಿಸಿದರೆ ಸಾಕು.

ಪದರಗಳ ಸ್ಥಾಯಿ ಬೇರೆ ಬೇರೆ ಇರಲಿ. ಕೆಳಗೆ ಕಿಕ್ (ನಾಲ್ಕರ ಬೀಟ್ ಹಾಕುವ ದಪ್ಪ ಡ್ರಮ್ ದನಿ), ಬೆಲ್ ಮೇಲೆ, ಐದರ ಲೂಪ್ ನಡುವೆ. ಒಂದೇ ಎತ್ತರದ ದನಿಗಳಾದರೆ ಮೂರು ಲಯ ಕೇಳಿಸುವುದಿಲ್ಲ, ಗೋಜಲಾದ ಒಂದೇ ಲಯ ಕೇಳಿಸುತ್ತದೆ. ರಿವರ್ಬ್ (ಮಾರ್ದನಿ) ಜಾಸ್ತಿಯಾದರೂ ಅಷ್ಟೇ, ಪೆಟ್ಟಿನ ಅಂಚು ಮಾಸಿಹೋಗುತ್ತದೆ.

ಇತ್ತೀಚೆಗೆ ನಡುವೆ ಕಿಕ್ ನಿಲ್ಲಿಸಿಬಿಡುತ್ತೇನೆ. ಆಗ ಏಳೇ ಮುಖ್ಯ ತಾಳವಾಗುತ್ತದೆ. ಕಿಕ್ಕನ್ನು ವಾಪಸ್ ತರುವುದು ಕೂಡುವ ಜಾಗಕ್ಕಲ್ಲ, ಅದಕ್ಕೆ ಎರಡು ಬಾರ್ ಮೊದಲೇ. ಆ ಎರಡು ಬಾರ್ ಹೊತ್ತೂ ನಾಲ್ಕರ ಬೀಟೇ ಹೊರಗಿನದು ಅನ್ನಿಸುತ್ತದೆ.